ನನ್ನ ಅಕ್ಕನನ್ನು ಐದರಲ್ಲಿ ನಿಲ್ಲಿಸಿದವರಿಗೆ

ಮಾನ್ಯ ಸಮೀಕ್ಷಾ ಮುಖ್ಯಾಧಿಕಾರಿಗಳೇ,

ಚುನಾವಣೆಗೆ ಮುಂಚೆ ನಿಮ್ಮ ಕಚೇರಿ ಹೊರಡಿಸಿದ ‘ಮತದಾರರು ಎಲ್ಲಿ, ಅಭ್ಯರ್ಥಿಗಳು ಎಲ್ಲಿ’ ಎಂಬ ವರದಿಯಲ್ಲಿ ನೂರಾ ಮೂವತ್ತೇಳನೆಯ ನಮೂನೆ ಸುಳ್ಳು. ನನಗೆ ಹೇಗೆ ಗೊತ್ತು ಎಂದು ವಿಚಾರಿಸುವ ಶ್ರಮ ತಮಗೆ ಬೇಡ. ಅದನ್ನು ಬರೆದವಳು ನಾನೇ. ಅದರ ನಾಲ್ಕನೆಯ ಪ್ರಶ್ನೆಯ ಮುಂದೆ, ನನ್ನ ಒಡಹುಟ್ಟಿದ ಅಕ್ಕನ ಉತ್ತರವೆಂದು, ಐದು ಎಂಬ ಅಂಕಿ ಇದೆ. ಅಕ್ಕ ಅದನ್ನು ಹೇಳಿರಲಿಲ್ಲ. ನೀವು ಬರೆಯಿರಿ ಎಂದಿರಿ, ನಾನು ಬರೆದೆ. ಅಂಥ ಐದುಗಳನ್ನೇ ಆಧಾರ ಮಾಡಿಕೊಂಡು ನಮ್ಮ ಬೀದಿಯ ಆರೋಗ್ಯ ಕೇಂದ್ರವನ್ನು ವಾರಕ್ಕೆ ಮೂರೇ ದಿನ ತೆರೆಯುವಂತೆ ಮಾಡಿದರು. ಮುಚ್ಚಿದ ಬಾಗಿಲಿನ ಮುಂದಿನ ಬೆಂಚಿನ ಮೇಲೆ ಅಕ್ಕ ಸತ್ತಳು. ತಮಗೆ ಪುರುಸೊತ್ತು ಕಡಿಮೆ ಎಂದು ಕೇಳಿದ್ದೇನೆ. ಇಲ್ಲಿಗೇ ಓದು ನಿಲ್ಲಿಸಬಹುದು. ಆದರೆ ಇದು ಪತ್ರಿಕೆಯಲ್ಲಿ ಅಚ್ಚಾಗಿದೆ, ತಮ್ಮ ಮನೆಯವರೂ ಓದುತ್ತಾರೆ.

ನಾನು ಬಟ್ಟೆ ಹೊಲಿಯುವವಳು. ಮೂವತ್ತೊಂದು ವರ್ಷದಿಂದ ಒಂದೇ ಬೀದಿಯಲ್ಲಿ, ಒಂದೇ ಯಂತ್ರದ ಮುಂದೆ ಕೂತಿದ್ದೇನೆ. ಹೊಲಿಗೆ ಕಲಿಸಿದವಳು ಅಕ್ಕ. ಕಿಡ್ನಿ ಕೆಟ್ಟ ಮೇಲೆ ಅವಳಿಗೆ ಪೆಡಲ್ ತುಳಿಯಲು ಆಗುತ್ತಿರಲಿಲ್ಲ; ಕಿಟಕಿ ಪಕ್ಕ ಕೂತು ಗುಂಡಿ ಹಚ್ಚುತ್ತಿದ್ದಳು, ಬಂದವರನ್ನೆಲ್ಲ ಬಾಯಿತುಂಬ ಬೈಯುತ್ತಿದ್ದಳು. ಸೋಮವಾರ, ಬುಧವಾರ, ಶುಕ್ರವಾರ ಎದುರಿನ ಆರೋಗ್ಯ ಕೇಂದ್ರಕ್ಕೆ ನಡೆದುಹೋಗಿ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ಕೈಕೊಟ್ಟು ಮಲಗಿ ಬರುತ್ತಿದ್ದಳು. ಐದು ವರ್ಷ ಹಾಗೆಯೇ ನಡೆಯಿತು. ‘ನಮ್ಮಿಬ್ಬರ ಹೊಟ್ಟೆಪಾಡೂ ಯಂತ್ರದ್ದೇ ಕಣೇ’ ಎನ್ನುತ್ತಿದ್ದಳು.

ಮನೆಮನೆಗೆ ಹೋಗಿ ಪ್ರಶ್ನೆ ಕೇಳುವವರು ಬೇಕು ಎಂದು ನಿಮ್ಮ ಕಚೇರಿ ಕರೆದಾಗ ನಾನೂ ಹೋದೆ. ಬೀದಿಯ ಪ್ರತಿ ಮನೆಯವರ ಸೊಂಟದಳತೆ ಗೊತ್ತಿರುವವಳಿಗೆ ಬಾಗಿಲು ತೆರೆಯದವರು ಯಾರು? ತರಬೇತಿ ದಿನ ನೀವೇ ಬಂದಿದ್ದಿರಿ. ಗೋಡೆಯ ಮೇಲೆ ಒಂದು ಗೆರೆ ಎಳೆದು ತೋರಿಸಿದಿರಿ. ಎಡತುದಿಯಲ್ಲಿ ಸೊನ್ನೆ, ಬಲತುದಿಯಲ್ಲಿ ಹತ್ತು. ಹನ್ನೆರಡು ಪ್ರಶ್ನೆಗಳು, ಪ್ರತಿಯೊಂದಕ್ಕೂ ಇದೇ ಗೆರೆ. ನಾಲ್ಕನೆಯದು ಹೀಗಿತ್ತು: ಆರೋಗ್ಯ ಕೇಂದ್ರವನ್ನು ಸರ್ಕಾರವೇ ಪೂರ್ತಿ ನಡೆಸಬೇಕೆಂದರೆ ಸೊನ್ನೆ, ಪೂರ್ತಿ ಖಾಸಗಿಯವರಿಗೆ ಕೊಡಬೇಕೆಂದರೆ ಹತ್ತು. ಮತದಾರರನ್ನೂ ಅಭ್ಯರ್ಥಿಗಳನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ, ಯಾರಿಗೆ ಯಾರು ಹತ್ತಿರ ಎಂದು ಲೋಕಕ್ಕೆ ತೋರಿಸುತ್ತೇವೆ ಎಂದಿರಿ. ಒಳ್ಳೆಯ ಕೆಲಸವೇ ಎನಿಸಿತು. ಈಗಲೂ ಹಾಗೆಯೇ ಎನಿಸುತ್ತದೆ, ಅಳೆಯಲು ಬಲ್ಲವರು ಮಾಡಿದರೆ.

ಯಾರೋ ಕೇಳಿದರು, ಜನ ಅಂಕಿ ಹೇಳದಿದ್ದರೆ ಏನು ಮಾಡುವುದು ಎಂದು. ನಿಮ್ಮ ಉತ್ತರ ನನಗೆ ಅಕ್ಷರಕ್ಷರವೂ ನೆನಪಿದೆ. ‘ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳ್ಳಲ್ಲ. ಉತ್ತರ ಬರದಿದ್ರೆ ಐದು ಬರೀರಿ. ಐದರಿಂದ ಯಾರಿಗೂ ನೋವಾಗಲ್ಲ.’ ಮೂರನೆಯ ಸಾಲಿನಿಂದ ನಾನು ಎದ್ದು ನಿಂತೆ. ‘ಸಾರ್, ಸುಮ್ಮನಿರೋದೂ ಅರ್ಧರ್ಧ ಅನ್ನೋದೂ ಒಂದೇನಾ?’ ನೀವು ನಕ್ಕಿರಿ. ‘ನೀವು ಬಟ್ಟೆ ಹೊಲಿಯೋರಲ್ವಾಮ್ಮ? ಅಂಕಿ-ಸಂಖ್ಯೆ ನಮಗೆ ಬಿಡಿ.’ ಸಭೆಗೆ ಸಭೆಯೇ ನಕ್ಕಿತು. ನಾನೂ ನಕ್ಕು ಕೂತೆ. ಆ ನಗುವಿಗಾಗಿ ನನ್ನನ್ನು ನಾನು ಕ್ಷಮಿಸಿಲ್ಲ. ನಿಮ್ಮನ್ನು ಕ್ಷಮಿಸುವ ಮಾತು ಬೇರೆ ಇರಲಿ.

ನನ್ನ ಪಾಲಿಗೆ ಬಂದದ್ದು ಇನ್ನೂರ ಹನ್ನೆರಡು ಮನೆ. ಮೊದಲ ವಾರದಲ್ಲೇ ಗೊತ್ತಾಯಿತು, ಜನ ನಿಮ್ಮ ಗೆರೆಯ ಮೇಲೆ ಒಂದು ಕಡೆ ಕಾಲೂರಿ ನಿಲ್ಲುವವರಲ್ಲ ಎಂದು. ಕ್ಷೌರದಂಗಡಿಯವರನ್ನೇ ತೆಗೆದುಕೊಳ್ಳಿ. ಆರೋಗ್ಯ ಕೇಂದ್ರದ ಪ್ರಶ್ನೆಗೆ, ‘ಸರ್ಕಾರದ್ದೇ ಇರ್ಬೇಕು, ಸೊನ್ನೆ ಹಾಕಮ್ಮ. ಅದಕ್ಕಿಂತ ಕಮ್ಮಿ ಇದ್ರೆ ಅದನ್ನೇ ಹಾಕು’ ಎಂದರು. ಕಳ್ಳರಿಗೆ ಶಿಕ್ಷೆ ಎಷ್ಟಿರಬೇಕು ಎಂದು ಕೇಳಿದರೆ, ‘ಹತ್ತು. ಹನ್ನೊಂದು ಇದ್ಯಾ?’ ಎಂದರು. ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಹತ್ತು, ಎರಡರಲ್ಲೂ ಕಡುಕೋಪ. ನಿಮ್ಮ ಕಂಪ್ಯೂಟರ್ ಕೂಡಿಸಿ ಭಾಗಿಸಿ ಅವರಿಗೆ ಐದು ಕೊಟ್ಟಿತು; ಪಕ್ಕದಲ್ಲಿ ‘ಮಧ್ಯಮ ನಿಲುವಿನ ಮತದಾರ’ ಎಂದು ಬರೆಯಿತು. ಕ್ಷೌರದಂಗಡಿಯವರು ಮಧ್ಯಮ ನಿಲುವಿನವರಂತೆ! ಅವರು ಕತ್ತಿ ಹಿಡಿದು ರಾಜಕೀಯ ಮಾತಾಡುವಾಗ ನೀವು ಒಮ್ಮೆ ಆ ಕುರ್ಚಿಯಲ್ಲಿ ಕೂತು ನೋಡಬೇಕು.

ನನ್ನ ಕಸುಬಿನಲ್ಲಿ ಇದನ್ನು ಮಾಡಿದರೆ ಏನಾಗುತ್ತದೆ ಗೊತ್ತೇ? ಅಣ್ಣನ ಸೊಂಟ ನಲವತ್ತನಾಲ್ಕು, ತಮ್ಮನದು ಇಪ್ಪತ್ತೆಂಟು. ಕೂಡಿಸಿ ಭಾಗಿಸಿ ಇಬ್ಬರಿಗೂ ಮೂವತ್ತಾರರ ಪ್ಯಾಂಟು ಹೊಲಿದೆ ಅನ್ನಿ. ಅಣ್ಣನಿಗೆ ತೊಡೆ ದಾಟಿ ಮೇಲೇರುವುದಿಲ್ಲ, ತಮ್ಮನಿಗೆ ಸೊಂಟದಲ್ಲಿ ನಿಲ್ಲುವುದಿಲ್ಲ. ಮರುದಿನ ಇಬ್ಬರೂ ಅಂಗಡಿಗೆ ಬಂದು ನನ್ನ ಜಲ್ಮ ಜಾಲಾಡುತ್ತಾರೆ. ನಿಮ್ಮ ಕಚೇರಿಗೆ ಯಾರೂ ಹಾಗೆ ಬರಲಿಲ್ಲ, ಏಕೆಂದರೆ ನೀವು ಹೊಲಿದದ್ದು ಮೈಮೇಲೆ ಕೂರುವುದು ಚುನಾವಣೆ ಮುಗಿದ ಮೇಲೆ.

ಅಭ್ಯರ್ಥಿಗಳ ಕಥೆ ಬೇರೆ. ಅವರು ಅಂಗಿಗೆ ಸಾಲಾಗಿ ಹಚ್ಚಿದ ಗುಂಡಿಗಳ ಹಾಗೆ, ಹನ್ನೆರಡು ಪ್ರಶ್ನೆಗೂ ಒಂದೇ ನೇರ. ನಿವೃತ್ತ ಮುಖ್ಯೋಪಾಧ್ಯಾಯರು ಎಲ್ಲದಕ್ಕೂ ಎರಡು. ಮರದ ವ್ಯಾಪಾರಿ ಎಲ್ಲದಕ್ಕೂ ಎಂಟು. ಮೂರನೆಯವರು ವಕೀಲರು, ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಎತ್ತಿದ ಕೈ. ಎಲ್ಲದಕ್ಕೂ ಐದು. ಮತದಾರರೋ ಗುಂಡಿಡಬ್ಬಿಯನ್ನು ನೆಲಕ್ಕೆ ಸುರಿದ ಹಾಗೆ ಚೆಲ್ಲಾಪಿಲ್ಲಿ. ನೀವು ಆ ಗುಂಡಿಗಳನ್ನೆಲ್ಲ ಕರಗಿಸಿ ಒಂದು ಮುದ್ದೆ ಮಾಡಿದಿರಿ, ಅದನ್ನು ಐದರ ಮೇಲಿಟ್ಟಿರಿ, ವಕೀಲರ ಪಕ್ಕ. ಮತದಾನಕ್ಕೆ ವಾರವಿದ್ದಾಗ ಗೋಡೆಗೋಡೆಗೆ ಹಾಳೆ ಅಂಟಿಸಿದಿರಿ: ‘ನಿಮಗೆ ಅತಿ ಹತ್ತಿರದ ಅಭ್ಯರ್ಥಿ ಇವರು.’ ಅಕ್ಕ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದಳು. ‘ಅಳತೆ ತಗೊಂಡೋಳು ನಮ್ಮೋಳೇ. ಇನ್ನೇನು ಯೋಚನೆ?’ ಎಂದಳು. ಅವಳೂ ನಾನೂ ಒಟ್ಟಿಗೇ ಹೋಗಿ ವಕೀಲರಿಗೆ ಮತ ಹಾಕಿ ಬಂದೆವು.

ಗೆದ್ದ ಮೇಲೆ ಅವರು ಮಾತು ಉಳಿಸಿಕೊಂಡರು, ಅದನ್ನು ಒಪ್ಪಬೇಕು. ಎಲ್ಲವನ್ನೂ ಅರ್ಧ ಮಾಡಿದರು. ಬೀದಿದೀಪ ಅರ್ಧ, ಗ್ರಂಥಾಲಯ ಅರ್ಧ ದಿನ. ಜನ ‘ಅರ್ಧಣ್ಣ’ ಎಂದು ಹೆಸರಿಟ್ಟರು. ಆರೋಗ್ಯ ಕೇಂದ್ರ ಸೋಮವಾರದಿಂದ ಬುಧವಾರದವರೆಗೆ ಸರ್ಕಾರದ್ದು, ಗುರುವಾರದಿಂದ ಶನಿವಾರದವರೆಗೆ ಖಾಸಗಿಯವರದ್ದು ಎಂದು ನಿರ್ಣಯವಾಯಿತು. ಸಭೆಯಲ್ಲಿ ನಿಮ್ಮ ವರದಿಯನ್ನೇ ಎತ್ತಿ ಹಿಡಿದರಂತೆ: ‘ನಾಲ್ಕನೇ ಪ್ರಶ್ನೆಗೆ ಅರ್ಧಕ್ಕಿಂತ ಹೆಚ್ಚು ಮತದಾರರು ಐದು ಎಂದಿದ್ದಾರೆ.’ ಖಾಸಗಿಯವರು ಬರಲೇ ಇಲ್ಲ. ಗುರುವಾರ ಬೆಳಿಗ್ಗೆ ಬಾಗಿಲಿಗೆ ಬಿದ್ದ ಬೀಗ ಸೋಮವಾರ ತೆರೆಯುತ್ತಿತ್ತು. ಅಕ್ಕನ ಶುಕ್ರವಾರ ಹೋಯಿತು. ದೊಡ್ಡಾಸ್ಪತ್ರೆಯಲ್ಲಿ ಕೇಳಿದರೆ ಎರಡು ತಿಂಗಳು ಕಾಯಿರಿ ಎಂದರು.

ಡಯಾಲಿಸಿಸ್ ತಪ್ಪಿದರೆ ಮೈಯಲ್ಲಿ ನೀರು ನಿಲ್ಲುತ್ತದೆ. ನನಗೆ ವೈದ್ಯ ತಿಳಿಯದು, ಟೇಪು ಹಿಡಿಯಲು ತಿಳಿಯುತ್ತದೆ. ಬುಧವಾರ ಸಂಜೆ ಅಕ್ಕನ ಪಾದದ ಗಂಟಿನ ಸುತ್ತಳತೆ ಒಂಬತ್ತು ಇಂಚು. ಶುಕ್ರವಾರ ಹತ್ತೂವರೆ. ಶನಿವಾರ ಬೆಳಿಗ್ಗೆ ಹನ್ನೊಂದೂಕಾಲು, ಚಪ್ಪಲಿ ಏರಲಿಲ್ಲ. ‘ಉಸಿರು ಸಿಗ್ತಿಲ್ಲ ಕಣೇ’ ಎಂದಳು. ಆಂಬುಲೆನ್ಸಿಗೆ ಫೋನು ಮಾಡಿ, ಅಷ್ಟರಲ್ಲಿ ಯಾರಾದರೂ ಬಾಗಿಲು ತೆರೆದಾರು ಎಂದು ಬರಿಗಾಲಲ್ಲೇ ಬೀದಿ ದಾಟಿಸಿ ಆ ಬೆಂಚಿನ ಮೇಲೆ ಕೂರಿಸಿದೆ. ಒಳಗೆ, ಗಾಜಿನ ಆಚೆ, ಅವಳು ಮಲಗುತ್ತಿದ್ದ ಹಾಸಿಗೆ, ಅದರ ಪಕ್ಕ ಬಟ್ಟೆ ಹೊದಿಸಿದ ಯಂತ್ರ, ಎರಡೂ ಕಾಣುತ್ತಿದ್ದವು. ಆ ಹೊದಿಕೆಯನ್ನು ಹೊಲಿದುಕೊಟ್ಟದ್ದೂ ನಾನೇ. ಎಂಟೂಕಾಲಿಗೆ ಅಕ್ಕನ ತಲೆ ನನ್ನ ಹೆಗಲಿಗೆ ಬಿತ್ತು. ಆಂಬುಲೆನ್ಸ್ ಎಂಟೂವರೆಗೆ ಬಂತು.

ಈಗ ನೂರಾ ಮೂವತ್ತೇಳನೆಯ ನಮೂನೆಗೆ ಬರೋಣ. ಅಕ್ಕನಿಗೂ ಹನ್ನೆರಡು ಪ್ರಶ್ನೆ ಕೇಳಿದ್ದೆ, ಅವಳು ಗುಂಡಿ ಹಚ್ಚುತ್ತಲೇ ಉತ್ತರ ಹೇಳಿದ್ದಳು. ನಾಲ್ಕನೆಯ ಪ್ರಶ್ನೆ ಓದಿದಾಗ ಸೂಜಿ ನಿಲ್ಲಿಸಿ ನನ್ನ ಮುಖ ನೋಡಿದಳು. ‘ಇದೂ ಒಂದು ಪ್ರಶ್ನೆ ಏನೇ? ಆಸ್ಪತ್ರೆ ಇರ್ಬೇಕೋ ಬೇಡ್ವೋ ಅಂತ ನನ್ನ ಕೇಳ್ತೀಯಾ? ಹೋಗು, ಮುಂದಿಂದು ಓದು.’ ಅಂಕಿ ಹೇಳು ಅಕ್ಕ ಎಂದೆ. ‘ಅಂಕಿ ನಿನ್ನ ಟೇಪಿನಲ್ಲಿ ನೋಡ್ಕೋ’ ಎಂದಳು. ಉತ್ತರ ಬರದಿದ್ದರೆ ಐದು. ಬರೆದೆ. ಎಷ್ಟು ಮನೆಗಳಲ್ಲಿ ಹೀಗಾಯಿತು ಗೊತ್ತೇ? ನೂರಾ ಮೂವತ್ತೊಂದು. ನಲ್ಲಿಯಲ್ಲಿ ನೀರು ಬರಬೇಕೇ ಎಂದು ಕೇಳಿದರೆ ಯಾರಾದರೂ ಅಂಕಿ ಹೇಳುತ್ತಾರೆಯೇ? ಪ್ರಶ್ನೆಯೇ ಅಲ್ಲ ಎಂದವರನ್ನೆಲ್ಲ ನೀವು ಅರ್ಧ ಸಾಕು ಎಂದವರ ಸಾಲಿಗೆ ಸೇರಿಸಿದಿರಿ. ಸೇರಿಸಿದ ಕೈ ನನ್ನದು.

ಹದಿಮೂರನೆಯ ದಿನ ನಿಮ್ಮ ಕಚೇರಿಗೆ ಹೋದೆ. ಮೂರನೆಯ ಕಿಟಕಿಯ ಗುಮಾಸ್ತರು ಒಳ್ಳೆಯವರು, ಕೂರಿ ಎಂದರು. ‘ನಮೂನೆ ತಿದ್ದಬೇಕು ಅಂದ್ರೆ ಉತ್ತರ ಕೊಟ್ಟವರೇ ಖುದ್ದಾಗಿ ಬರಬೇಕಮ್ಮ.’

‘ಅವರು ತೀರಿಹೋದ್ರು.’

‘ಅಯ್ಯೋ. ಹಾಗಾದ್ರೆ ಅವರ ಒಪ್ಪಿಗೆ ಪತ್ರ ತಂದ್ರೂ ಆಗುತ್ತೆ.’

ಮೇಲಧಿಕಾರಿಗೆ ಬರೆಯಿರಿ ಎಂದರು. ಬರೆದೆ. ತಮ್ಮಿಂದ ಎರಡು ಸಾಲಿನ ಉತ್ತರ ಬಂತು: ಒಂದು ನಮೂನೆಯ ತಿದ್ದುಪಡಿಯಿಂದ ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸವಾಗದು. ಆ ಉತ್ತರಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದೇನೆ. ಗಿರಾಕಿಗಳು ಓದಿ ನಿಮ್ಮ ಹೆಸರು ಕೇಳುತ್ತಾರೆ, ನಾನು ಹೇಳುತ್ತೇನೆ.

ತಾವು ಒಂದನ್ನು ಮರೆತಿರಿ. ನಮೂನೆಗಳ ಕಾರ್ಬನ್ ಪ್ರತಿಗಳನ್ನು ಹಿಂದಕ್ಕೆ ಕೇಳಲಿಲ್ಲ. ಇನ್ನೂರ ಹನ್ನೆರಡೂ ನನ್ನ ಬಳಿಯೇ ಇದ್ದವು. ಹಿಡಿದುಕೊಂಡು ಮತ್ತೆ ಮನೆಮನೆಗೆ ಹೋದೆ. ಈ ಸಲ ಒಂದೇ ಪ್ರಶ್ನೆ, ನಾಲ್ಕನೆಯದು. ಉತ್ತರ ಬರುವವರೆಗೆ ಹೊಸ್ತಿಲು ಬಿಡಲಿಲ್ಲ; ಬಂದ ಅಂಕಿಯನ್ನು ಆ ಪ್ರತಿಯ ಮೇಲೆಯೇ ಬರೆದೆ. ಆಮೇಲೆ ನನ್ನ ಅಂಗಡಿಯ ಬಾಗಿಲಿನಿಂದ ಎದುರಿನ ಬೀಗದಂಗಡಿಯ ಕಂಬಕ್ಕೆ ಒಂದು ತಂತಿ ಎಳೆದು, ಟೇಪಿನಿಂದ ಅಳೆದು, ಕೆಂಪು ದಾರದ ಹನ್ನೊಂದು ಗಂಟು ಹಾಕಿದೆ. ಸೊನ್ನೆಯಿಂದ ಹತ್ತರವರೆಗೆ, ನಿಮ್ಮದೇ ಗೆರೆ. ಮನೆ ಸಂಖ್ಯೆಯನ್ನು ಕತ್ತರಿಸಿ ತೆಗೆದು, ಅವರವರೇ ಬಂದು ಅವರವರ ಹಾಳೆಯನ್ನು ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದರು. ಹತ್ತರ ಕಡೆಯೂ ಮೂವತ್ತು ಹಾಳೆಗಳಿವೆ. ಅವರೊಡನೆ ನನಗೆ ಜಗಳವುಂಟು, ಆದರೆ ಅವರು ಹೇಳಿದ್ದನ್ನು ಹೇಳಿದ ಕಡೆಯೇ ತೂಗುಹಾಕಿದ್ದೇನೆ. ನಿಜವಾಗಿ ಅರ್ಧರ್ಧ ಎಂದವರು ಒಂಬತ್ತು ಮನೆಯವರು. ಬೀಗದಂಗಡಿಯವರೇ ಅದರಲ್ಲೊಬ್ಬರು: ‘ನಂಗೆ ಎರಡೂ ನಡೆಯುತ್ತೆ, ಸುಳ್ಳು ಯಾಕೆ ಹೇಳ್ಲಿ?’ ಅವರಿಗೆ ನನ್ನ ನಮಸ್ಕಾರ. ಯೋಚಿಸಿ ಮಧ್ಯದಲ್ಲಿ ನಿಲ್ಲುವವರ ಮೇಲೆ ನನಗೆ ಸಿಟ್ಟಿಲ್ಲ. ಉಳಿದವರೆಲ್ಲ ಸೊನ್ನೆಯ ಕಡೆ. ಆ ತುದಿಯ ತಂತಿ ಭಾರಕ್ಕೆ ಜೋತುಬಿದ್ದಿದೆ. ಐದರ ಗಂಟಿನಲ್ಲಿ ಆ ಒಂಬತ್ತರ ಜೊತೆ ಹತ್ತನೆಯ ಹಾಳೆ ಅಕ್ಕನದು. ತಿದ್ದಲು ಖುದ್ದಾಗಿ ಬರಬೇಕಲ್ಲ, ಅವಳು ಬಂದಿಲ್ಲ.

ಅರ್ಧಣ್ಣನವರ ಕಾರು ದಿನಾ ಈ ತಂತಿಯ ಕೆಳಗೇ ಹೋಗಬೇಕು. ಒಂದು ದಿನ ಇಳಿದು ಬಂದರು. ‘ಏನಮ್ಮಾ ಇದು?’ ಎಂದರು. ನಿಮ್ಮ ಮತದಾರರು ಸಾರ್ ಎಂದೆ. ಅತ್ತಿಂದಿತ್ತ ನಡೆದು ನೋಡಿದರು, ಬೆವರು ಒರೆಸಿಕೊಂಡರು. ‘ನಾನು ವರದಿ ನಂಬಿದೆ. ತಪ್ಪು ನನ್ನದಲ್ಲ, ಅಳೆದವರದು’ ಎಂದರು. ಅವರ ಜೀವಮಾನದಲ್ಲಿ ಅರ್ಧ ಮಾಡದೆ ಆಡಿದ ಮಾತು ಅದೊಂದೇ ಇರಬೇಕು. ಅವರ ಲೆಕ್ಕವನ್ನು ಮುಂದಿನ ಚುನಾವಣೆಯಲ್ಲಿ ಬೀದಿ ನೋಡಿಕೊಳ್ಳುತ್ತದೆ. ನಿಮಗೆ ಚುನಾವಣೆಯಿಲ್ಲ. ಅದಕ್ಕೇ ಈ ಪತ್ರ.

ನನಗೆ ಪರಿಹಾರ ಬೇಡ, ಸಂತಾಪ ಬೇಡ. ಆ ವರದಿಯನ್ನು ಹಿಂತೆಗೆದುಕೊಂಡು, ಎಷ್ಟು ಐದುಗಳು ಜನರವು, ಎಷ್ಟು ನಿಮ್ಮವು ಎಂದು ಬೇರೆಬೇರೆ ಅಚ್ಚುಹಾಕಿ, ಅಂಟಿಸಿದ ಗೋಡೆಗಳ ಮೇಲೆಯೇ ಅಂಟಿಸಿ. ಒಂದು ಶನಿವಾರ ಬೆಳಿಗ್ಗೆ ಎಂಟಕ್ಕೆ ನೀವೇ ಬನ್ನಿ. ಆ ಬೆಂಚಿನ ಮೇಲೆ ಕಾಲುಗಂಟೆ ಕೂತು ಗಾಜಿನೊಳಗಿನ ಹಾಸಿಗೆ ನೋಡಿ. ಆಮೇಲೆ ಎದ್ದು, ಅಕ್ಕನ ಹಾಳೆಯನ್ನು ಐದರಿಂದ ತೆಗೆದು ಸೊನ್ನೆಯಲ್ಲಿ ಸಿಕ್ಕಿಸಿ. ಸ್ಟೂಲು ನಾನು ಕೊಡುತ್ತೇನೆ. ಅಲ್ಲಿಯವರೆಗೆ ತಂತಿ ಇಳಿಸುವುದಿಲ್ಲ.

ಒಂದು ಖಾಲಿ ನಮೂನೆ ಉಳಿದಿತ್ತು. ಅದರಲ್ಲಿ ತಮಗಾಗಿ ಒಂದೇ ಪ್ರಶ್ನೆ ಬರೆದಿದ್ದೇನೆ: ನನ್ನ ಅಕ್ಕನ ಸಾವಿಗೆ ತಾವು ಎಷ್ಟು ಹೊಣೆ? ಏನೂ ಇಲ್ಲ ಎಂದರೆ ಸೊನ್ನೆ, ಪೂರ್ತಿ ಎಂದರೆ ಹತ್ತು. ಒಂದು ತಿಂಗಳು ಕಾಯುತ್ತೇನೆ. ತಾವು ಸುಮ್ಮನಿರುತ್ತೀರಿ ಎಂದು ನನಗೆ ಗೊತ್ತು. ಚಿಂತೆಯಿಲ್ಲ, ಉತ್ತರ ಬರದಿದ್ದರೆ ಏನು ಬರೆಯಬೇಕೆಂದು ತಾವೇ ಕಲಿಸಿದ್ದೀರಿ. ಐದು ಬರೆದು, ತಮ್ಮ ಹುದ್ದೆ ಬರೆದು, ಅಕ್ಕನ ಹಾಳೆಯ ಪಕ್ಕಕ್ಕೆ ಸಿಕ್ಕಿಸುತ್ತೇನೆ. ಉಳಿದ ಐದು ನನ್ನದು.

ಇಂತಿ,
ತಮ್ಮ ಮಾತಿಗೆ ನಕ್ಕು ಕೂತಿದ್ದ ಮೂರನೆಯ ಸಾಲಿನ ಹೊಲಿಗೆಯವಳು,
ನೂರಾ ಮೂವತ್ತೇಳನೆಯ ನಮೂನೆಯವಳ ತಂಗಿ