ತಾತನ ಅಮ್ಮಿಂಗ್ ಬರ್ಡು

ನನ್ನ ಮುದ್ದು ತಾತನಿಗೆ,

ಮೊದಲು ದೊಡ್ಡ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನಿಂದ ಮುಂದಕ್ಕೆ ಬರೆಯಲು ಆಗುವುದಿಲ್ಲ. ನನಗೆ ಮದುವೆಯಾಯಿತು. ಹುಡುಗ ಪಾವಗಡದವರು, ವಳ್ಳೂರಿನ ಕಡೆ ಸೋಲಾರ್ ಪಾರ್ಕಿನಲ್ಲಿ ಟೆಕ್ನಿಷಿಯನ್, ಹೆಸರು ಮಂಜುನಾಥ, ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ನೀನಿದ್ದಿದ್ದರೆ ಆ ಗುಳಿಯನ್ನು ನೋಡಿ ಏನೇನು ರೇಗಿಸುತ್ತಿದ್ದೆಯೋ. ಆದರೆ ಈ ಪತ್ರ ಅವರ ಬಗ್ಗೆ ಅಲ್ಲ, ಅಥವಾ ಸ್ವಲ್ಪ ಮಾತ್ರ ಅವರ ಬಗ್ಗೆ. ಇದು ನಮ್ಮ ಹಕ್ಕಿಯ ಬಗ್ಗೆ. ತಾತ, ಎಲ್ಲಿದ್ದರೂ ಒಂದು ನಿಮಿಷ ಕೂತುಕೊಂಡು ಕೇಳು. ಅದು ಹಕ್ಕಿಯಲ್ಲ.

ನೆನಪಿದೆಯಾ, ನಾನಾಗ ಮೂರನೇ ಕ್ಲಾಸು. ಮಧುಗಿರಿಯ ನಮ್ಮ ಅಂಗಳದಲ್ಲಿ ಬಿಸಿಲು ಇಳಿದು ಸಂಜೆಮಲ್ಲಿಗೆ ಆಗತಾನೇ ಬಾಯಿ ಬಿಡುತ್ತಿತ್ತು. ಹೂವಿನ ಮುಂದೆ ಹಸಿರು ಬಣ್ಣದ್ದೊಂದು ಗಾಳಿಯಲ್ಲೇ ನಿಂತಿತ್ತು. ರೆಕ್ಕೆ ಕಾಣುತ್ತಿರಲಿಲ್ಲ, ರೆಕ್ಕೆ ಇರಬೇಕಾದ ಕಡೆ ಬರೀ ಮಬ್ಬು, ಗುಂಯ್ ಅನ್ನುವ ಸದ್ದು. ಉದ್ದನೆಯ ಕೊಕ್ಕನ್ನು ಹೂವಿನೊಳಗೆ ತೂರಿಸಿತು, ನೇರವಾಗಿ ಹಿಂದಕ್ಕೆ ಸರಿಯಿತು, ಪಕ್ಕದ ಹೂವಿಗೆ ಹೋಯಿತು. ಅದೇ ಚಿತ್ರ ನನ್ನ ಇಂಗ್ಲಿಷ್ ರೀಡರಿನಲ್ಲಿತ್ತು. ಹಮ್ಮಿಂಗ್‌ಬರ್ಡ್ ಎಂದು ಕಿರುಚಿದೆ. ಮರುದಿನ ಸ್ಕೂಲಿನಲ್ಲಿ ಹೇಳಿದರೆ ಮಿಸ್, ಅದು ಅಮೆರಿಕದ ಹಕ್ಕಿ, ನಮ್ಮ ದೇಶದಲ್ಲೇ ಇಲ್ಲ ಅಂದರು. ಇಡೀ ಕ್ಲಾಸು ನಕ್ಕಿತು. ಅಳುತ್ತಾ ಮನೆಗೆ ಬಂದವಳನ್ನು ನೀನು ತೊಡೆಯ ಮೇಲೆ ಕೂರಿಸಿಕೊಂಡು ಅಂದದ್ದು ಇವತ್ತಿಗೂ ಕಿವಿಯಲ್ಲಿದೆ: “ಬುಡು ಮಗ. ಎಲ್ಲಿಂದ್ಲೋ ಕೊಕ್ಕರೆಗಳು ಕಗ್ಗಲಡು ಊರ್ಗೆ ಬತ್ತವೆ. ಅಮ್ಮಿಂಗ್ ಬರ್ಡಿಗೆ ಮದ್ಗಿರಿ ದೂರ ಆಯ್ತದಾ?”

ಅಲ್ಲಿಂದ ಮುಂದೆ ಸಂಜೆಯಾದರೆ ನೀನು ಪೇಪರನ್ನು ಮುಖದ ಮುಂದೆ ಹಿಡಿದುಕೊಂಡು, ಅದರ ಮೇಲಿನಿಂದ ಸಂಜೆಮಲ್ಲಿಗೆಯನ್ನೇ ನೋಡುತ್ತಾ ಕೂರುತ್ತಿದ್ದೆ. ಕಾಫಿ ಕುಡಿಯುವ ಹೋಟೆಲಿನಲ್ಲೆಲ್ಲ ನಮ್ಮ ಮನೆಗೆ ಫಾರಿನ್ ಹಕ್ಕಿ ಬರುತ್ತದೆ ಎಂದು ಡಂಗುರ ಸಾರಿದ್ದೆ. ಒಂದು ಸಂಜೆ ಅದು ಬರದಿದ್ದರೂ ನಿನಗೆ ಊಟ ರುಚಿಸುತ್ತಿರಲಿಲ್ಲ.

ಬೆಳಗಿನ ಹೊತ್ತಿನ ಕೆಲಸ ಬೇರೆ. ಸ್ನಾನ ಮಾಡಿ ಪೂಜೆಗೆ ನಂದಿಬಟ್ಟಲು ಬಿಡಿಸಲು ಹೋದವನು ಎಲೆ ಎತ್ತಿ ಎತ್ತಿ ಹುಳು ಹುಡುಕುತ್ತಿದ್ದೆ. ಬೆರಳ ಗಾತ್ರದ ಹಸಿರು ಹುಳು, ಬಾಲದಲ್ಲೊಂದು ಕೊಂಬು. ಒಂದೊಂದನ್ನೇ ಕಿತ್ತು ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಇಡುತ್ತಿದ್ದೆ. ಕಾಗೆಗಳು ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಕಾಯುತ್ತಿದ್ದವು. ಪಾಪ ಅಲ್ವಾ ತಾತ ಅಂದರೆ, ಗಿಡವನ್ನೆಲ್ಲ ಇವು ತಿಂದು ಹಾಕಿದರೆ ನಿನ್ನ ಹಕ್ಕಿ ಯಾಕೆ ಬರುತ್ತದೆ ಅನ್ನುತ್ತಿದ್ದೆ. ಆಮೇಲೆ ನಿನ್ನ ತಿಥಿಯ ದಿನ ಎಡೆ ಇಟ್ಟು ಕೈ ತೆಗೆಯುವಷ್ಟರಲ್ಲಿ ಕಾಗೆ ಬಂತು. ಎಂಥ ಪುಣ್ಯಾತ್ಮ, ಒಂದು ಗಳಿಗೆಯೂ ಕಾಯಿಸಲಿಲ್ಲ ಎಂದು ಎಲ್ಲರೂ ಕಣ್ಣೊರೆಸಿಕೊಂಡರು. ವರ್ಷಗಟ್ಟಲೆ ಅವಕ್ಕೆ ಹುಳು ತಿನ್ನಿಸಿದ್ದೀಯ ಅಂತ ನಾನು ಯಾರಿಗೂ ಹೇಳಲಿಲ್ಲ.

ಪಾವಗಡದ ಮನೆಗೆ ಬಂದ ಮೊದಲ ದಿನವೇ ಹಿತ್ತಲಲ್ಲಿ ನಂದಿಬಟ್ಟಲು ಕಂಡು ತವರಿನವರೇ ಎದುರಾದಷ್ಟು ಖುಷಿಪಟ್ಟೆ. ಅದು ಅತ್ತೆಯ ಗಿಡ. ಕಾರ್ತಿಕ ಸೋಮವಾರಗಳಲ್ಲಿ ಅದರ ಹೂವನ್ನು ಅವರೇ ಕಟ್ಟಿ ಈಶ್ವರನ ಗುಡಿಗೆ ಕೊಡುತ್ತಾರೆ, ಬೇರೆಯವರು ಮುಟ್ಟುವ ಹಾಗಿಲ್ಲ. ಕಾರ್ತಿಕ ಹತ್ತಿರವಾದಾಗ ಒಂದು ಬೆಳಿಗ್ಗೆ ಹಿತ್ತಲಿನಿಂದ ಅವರ ತೆಲುಗು ಬೆರೆತ ದನಿ: “ಏಮ್ಮಾ, ಇಕ್ಕಡ ರಾ. ಗಿಡ ಎಲ್ಲಾ ಬೋಳು ಮಾಡ್ಬುಟ್ಟವೆ ನೋಡು. ಸಾಯಂಕಾಲ ಬರ್ತಾ ಔಷಧಿ ತರಕ್ಕೆ ಮಂಜೂಗೆ ಹೇಳು.” ನೋಡಿದರೆ ಅವೇ, ಕೊಂಬಿನ ಹುಳುಗಳು. ಇವರಿಗೆ ಕಳಿಸೋಣವೆಂದು ಫೋಟೋ ತೆಗೆದೆ. ಯಾವ ಹುಳು ಇದು ಎಂದು ಫೋನಿನಲ್ಲೇ ಹುಡುಕಿದೆ. ಹುಳುವಿನ ಚಿತ್ರದ ಪಕ್ಕದಲ್ಲಿ ಅದು ದೊಡ್ಡದಾದ ಮೇಲಿನ ಚಿತ್ರವೂ ಬಂತು. ತಾತ, ಅದೇ ಹಸಿರು. ಹೂವಿನ ಮುಂದೆ ಗಾಳಿಯಲ್ಲಿ ನಿಂತಿರುವುದು.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟೆ. ಹಾಕ್ ಮಾತ್ ಅಂತೆ, ಒಂದು ಜಾತಿಯ ಪತಂಗ. ನಾವು ಕೊಕ್ಕು ಅಂದುಕೊಂಡಿದ್ದು ಅದರ ನಾಲಿಗೆ. ಬೇಡದಾಗ ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿಟ್ಟುಕೊಳ್ಳುತ್ತದೆ. ನೀನು ಸಂಜೆಯೆಲ್ಲ ಯಾವುದಕ್ಕೆ ಕಾಯುತ್ತಿದ್ದೆಯೋ, ಬೆಳಿಗ್ಗೆ ಅದರ ಮರಿಗಳನ್ನೇ ಕಾಗೆಗೆ ಇಡುತ್ತಿದ್ದೆ. ಅದೂ ಅದು ಬರಲಿ ಎಂದೇ. ನಗು ಬಂತೋ ಅಳು ಬಂತೋ… ಎರಡೂ ಬಂತು. ನೀನಾಗಿದ್ದರೆ ಕೆಮ್ಮು ಬರುವವರೆಗೂ ನಗುತ್ತಿದ್ದೆ, ಅಲ್ವಾ?

ಹೊಸ ಸೊಸೆ ಹೋಗಿ ಅತ್ತೆಯ ಪೂಜೆಯ ಗಿಡ ತಿನ್ನುವ ಹುಳುಗಳನ್ನು ಸಾಕುತ್ತೇನೆ ಅಂದರೆ ಹೇಗಿರುತ್ತದೆ ಹೇಳು. ಆದರೂ ಸಾಯಂಕಾಲ ಔಷಧಿ ಬರುವುದಿತ್ತು. ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಅತ್ತೆಯ ಪಕ್ಕ ಕೂತು, ಇಂಗ್ಲಿಷ್ ರೀಡರಿನಿಂದ ಹಿಡಿದು ಕಾಗೆಯವರೆಗೆ ನಿನ್ನ ಕಥೆಯನ್ನೆಲ್ಲ ಹೇಳಿದೆ. ಕಾಯಿಯೆಲ್ಲ ಮುಗಿದ ಮೇಲೆ ಅಂದರು, “ನನ್ನ ಗಿಡದ ಮೇಲೆ ಬ್ಯಾಡ. ಬೇರೆ ಎಲ್ಲಾದ್ರೂ ಇಟ್ಕೋ. ಹೂವು ಕಮ್ಮಿಯಾದ್ರೆ ಶಿವನಿಗೆ ನೀನೇ ಸಮಾಧಾನ ಹೇಳ್ಬೇಕು ಕಣಮ್ಮ.”

ಹಳೆಯ ಬಕೆಟ್ಟೇ ಅವುಗಳ ಮನೆಯಾಯಿತು. ತಿನ್ನಲು ಎಲೆ? ಕಣಗಿಲೆಯೂ ಆಗುತ್ತದಂತೆ, ನಮಗೆ ವಿಷವಾದದ್ದು ಅವಕ್ಕೆ ಊಟ. ಇವರ ಸೋಲಾರ್ ಪಾರ್ಕಿನ ಬೇಲಿಯುದ್ದಕ್ಕೂ ಮೇಕೆ ಮುಟ್ಟುವುದಿಲ್ಲ ಎಂದು ಕಣಗಿಲೆಯನ್ನೇ ನೆಟ್ಟಿದ್ದಾರೆ. ದಿನಾ ಸಂಜೆ ಒಂದು ಕವರಿನ ತುಂಬ ತಂದರು. ಹೊಸ ಹೆಂಡ್ತಿಗೆ ಮಲ್ಲಿಗೆ ಹೂವು ಒಯ್ಯೋದು ಬುಟ್ಟು ಕಣಗಿಲೆ ಸೊಪ್ಪೇನ್ಲಾ ಎಂದು ಜೊತೆಯವರು ಆಡಿಕೊಂಡರಂತೆ. ಯಾವ ಮಲ್ಲಿಗೆಯೂ ನನಗೆ ಅಷ್ಟು ಖುಷಿ ಕೊಡುತ್ತಿರಲಿಲ್ಲ ತಾತ.

ಬಕೆಟ್ಟಿನಲ್ಲಿ ಬೆರಳು ತಾಗಿಸಿದರೆ ಅವು ತಲೆಯನ್ನು ಒಳಗೆಳೆದುಕೊಂಡು ಕತ್ತು ಉಬ್ಬಿಸುತ್ತಿದ್ದವು. ಆಗ ಕತ್ತಿನ ಮೇಲೆ ಎರಡು ನೀಲಿ ಕಣ್ಣು ತೆರೆದುಕೊಳ್ಳುತ್ತಿದ್ದವು, ಸುಳ್ಳು ಕಣ್ಣು. ಮೊದಲ ಸಲ ನೋಡಿದ ಅತ್ತೆ ನಾಗಪ್ಪನೇ ಬಂದ ಎಂದು ಕೈಮುಗಿದರು. ಕೆಲವು ದಿನ ಕಳೆದ ಮೇಲೆ ಹುಳುಗಳು ತಿನ್ನುವುದು ಬಿಟ್ಟವು, ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗಿ, ಬಕೆಟ್ಟಿನೊಳಗೆ ಸುತ್ತತೊಡಗಿದವು. ಒಣ ಮಣ್ಣು, ತರಗೆಲೆ ಹಾಕಿಕೊಟ್ಟೆ. ಎಲೆಯಡಿಯಲ್ಲಿ ನಾಲ್ಕು ನೂಲು ಎಳೆದುಕೊಂಡು ಕಡಲೆಕಾಯಿ ಬಣ್ಣದ ಗೂಡಾಗಿ ಮಲಗಿಬಿಟ್ಟವು. ಎಲ್ಲಾ ಸತ್ತೋದ್ವೇನಮ್ಮ ಎಂದು ಅತ್ತೆ ಹೋಗುತ್ತಾ ಬರುತ್ತಾ ಕೇಳುತ್ತಿದ್ದರು. ಇಲ್ಲ ಅತ್ತೆ, ಬರುತ್ತವೆ ಅನ್ನುತ್ತಿದ್ದೆ. ನನಗೆ ಅನುಮಾನವೇ ಇರಲಿಲ್ಲ.

ಕೊನೆಗೆ ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಮೊದಲನೆಯದು ಬಕೆಟ್ಟಿನ ಅಂಚಿನಲ್ಲಿ ನೇತಾಡುತ್ತಿತ್ತು. ಒದ್ದೆ ಬಟ್ಟೆಯಂತೆ ಮುದುಡಿದ್ದ ರೆಕ್ಕೆ ನಿಧಾನವಾಗಿ ಬಿಚ್ಚಿಕೊಂಡಿತ್ತು. ಹಸಿರು, ನಡುವೆ ತಿಳಿಗುಲಾಬಿ, ಬಿಳಿಯ ಗೆರೆ. ಆಮೇಲೆ ಮೈಯೆಲ್ಲ ನಡುಗತೊಡಗಿತು. “ಪಾಪಂ, ಚಳಿ ಆಗ್ತೈತೆ ಕಣಮ್ಮ, ಒಳಕ್ಕೆ ತಗಂಬಾ” ಎಂದು ಅತ್ತೆ ಸೆರಗನ್ನೇ ಅಡ್ಡ ಹಿಡಿದರು. ಚಳಿಯಲ್ಲ ಅತ್ತೆ, ಹಾರುವ ಮೊದಲು ಮೈ ಬಿಸಿ ಮಾಡಿಕೊಳ್ಳುತ್ತಿದೆ ಎಂದೆ. ನೀನು ಬೆಳಿಗ್ಗೆ ಸ್ಕೂಟರಿಗೆ ಕಿಕ್ ಹೊಡೆದು, ಅದನ್ನು ಗುರುಗುಟ್ಟಲು ಬಿಟ್ಟು ನಿಲ್ಲುತ್ತಿದ್ದೆಯಲ್ಲ, ಹಾಗೆ. ನಡುಕ ಮಬ್ಬಾಯಿತು, ಮಬ್ಬು ಗುಂಯ್ ಅಂದಿತು. ಅದು ಮೇಲೆದ್ದು ನಮ್ಮಿಬ್ಬರ ಮುಖದ ಮುಂದೆ ಒಂದು ಕ್ಷಣ ಗಾಳಿಯಲ್ಲೇ ನಿಂತು ಗೋಡೆ ದಾಟಿತು.

ಆ ವಾರದ ಕಾರ್ತಿಕ ಸೋಮವಾರ ಅತ್ತೆಯ ಮಾಲೆ ಮೊಳಕ್ಕೂ ಕಮ್ಮಿಯಿತ್ತು. ಗುಡಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವರೇ ಕಣ್ಣು ಮುಚ್ಚಿಕೊಂಡು ಶಿವನ ಹತ್ತಿರ ಏನೋ ಮಾತಾಡಿದರು. ಏನು ಹೇಳಿದರೋ, ನಾನು ಕೇಳಲಿಲ್ಲ.

ನಿನ್ನೆ ಬೆಳಿಗ್ಗೆ ಮತ್ತೆ ಹಿತ್ತಲಿನಿಂದ ಕೂಗು. ಓಡಿ ಹೋದೆ. ಅತ್ತೆ ನಂದಿಬಟ್ಟಲಿನ ಚಿಗುರೆಲೆಯೊಂದನ್ನು ಹುಷಾರಾಗಿ ತಿರುಗಿಸಿ ಹಿಡಿದಿದ್ದರು. ಅಡಿಯಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ತಿಳಿಹಸಿರು ಮಣಿ. ಅದೂ ಅವರ ಗಿಡದ ಮೇಲೆಯೇ.

“ನೋಡಮ್ಮ,” ಅಂದರು, “ನಿಮ್ಮ ತಾತನ ಹಕ್ಕಿ ಮೊಟ್ಟೆ ಇಟ್ಟೈತೆ.”

ಈ ಸಲದ ತಿಥಿಗೆ ನಾನು, ಇವರು ಇಬ್ಬರೂ ಮಧುಗಿರಿಗೆ ಬರುತ್ತೇವೆ. ಕಾಂಪೌಂಡ್ ಗೋಡೆಯ ಮೇಲೆ ನಾನೇ ಎಡೆ ಇಡುತ್ತೇನೆ. ಎಂದಿನಂತೆ ಬೇಗ ಬಾ. ವಡೆ ಎಷ್ಟು ಬೇಕಾದರೂ ತಿನ್ನು ತಾತ, ಹುಳು ಮಾತ್ರ ಕೇಳಬೇಡ.

ನಿನ್ನ ಮಗ,
ಪುಟ್ಟಿ