ರಾಕ್ಷಸನಿಗೆ ಹತ್ತು ದಿನ

೧೬ ನವೆಂಬರ್, ಭಾನುವಾರ

ಊರೂರಲ್ಲಿ ಕಥೆ ಹೇಳುತ್ತ ಬಂದ ಮೂವತ್ತು ವರ್ಷದಲ್ಲಿ ಇವತ್ತೇ ಮೊದಲ ಸಲ ನನ್ನ ಕಥೆ ಅರ್ಧಕ್ಕೆ ನಿಂತಿತು. ಗೌರಿಬಿದನೂರಿನಲ್ಲಿ ಮನೋವೈದ್ಯರ ಸಂಘದ ಸಭೆ. ಆರೋಪಿಗಳ ಮನಸ್ಸು ಪರೀಕ್ಷಿಸಿ ಕೋರ್ಟಿಗೆ ವರದಿ ಕೊಡುವವರು. ಊಟವಾದ ಮೇಲೆ ಅಜ್ಜಿ ಹೇಳುತ್ತಿದ್ದ ರಾಕ್ಷಸನ ಕಥೆ ತೆಗೆದೆ. ಊರು ನುಂಗಿದವನನ್ನು ಕೊಲ್ಲಲು ರಾಜ ಕತ್ತಿ ಎತ್ತುತ್ತಿದ್ದಂತೆ ಅಧ್ಯಕ್ಷೆ ಡಾಕ್ಟರ್ ಮಹಮೂದಾ ಎದ್ದು ನಿಂತರು.

“ತಡೀರಪ್ಪ! ಊರು ನುಂಗೋವಾಗ ಅದು ತಪ್ಪು ಅಂತ ಅವನಿಗೆ ಗೊತ್ತಿತ್ತಾ?”

“ರಾಕ್ಷಸ ಅಲ್ವೇನಮ್ಮ, ಹಸಿವಾಯ್ತು, ನುಂಗ್ದ.”

“ನಿದ್ದೆ ಹೆಂಗೆ?” ಎಂದರು ಡಾಕ್ಟರ್ ರಮೇಶ್‌ಬಾಬು.

“ಆರು ತಿಂಗಳು ಏಳಲ್ಲ ಸಾರ್.”

ಎಲ್ಲರೂ ಪೆನ್ನು ತೆಗೆದರು. “ವಾರ್ಡಲ್ಲಿಟ್ಟು ಹತ್ತು ದಿನ ನೋಡ್ದೆ ಏನೂ ಹೇಳಕ್ಕಾಗಲ್ಲ,” ಎಂದು ಒಕ್ಕೊರಲಿನ ತೀರ್ಮಾನವಾಯಿತು. ರಾಜನ ಕತ್ತಿಯನ್ನು ನಾನೇ ಇಳಿಸಿದೆ.

ಚಿಕ್ಕವನಿದ್ದಾಗ ಅಜ್ಜಿ ಆ ರಾಕ್ಷಸನನ್ನು ಕೊಲ್ಲಿಸಿದಾಗಲೆಲ್ಲ ಕಂಬಳಿಯೊಳಗೆ ಅಳುತ್ತಿದ್ದೆ. ಇವತ್ತು ಬದುಕಿಬಿಟ್ಟ! ಪಾಪ, ಆಸ್ಪತ್ರೆಯ ಮಂಚ ಅವನಿಗೆ ಎಲ್ಲಿ ಸಾಲುತ್ತದೆ, ನಾಲ್ಕು ಜೋಡಿಸಿದರೂ ಕಾಲು ಮಾತ್ರ ಹೊರಗೇ…