ಅಧ್ಯಕ್ಷರ ವಿಮಾನಕ್ಕೆ ನಮ್ಮ ಮನೆಯ ಹೊದಿಕೆ

ಲವೆಯಾನ್, ಸೋಲೋ
ಮಂಗಳವಾರ, ಆಗಸ್ಟ್ ಹದಿನಾಲ್ಕು

ಪ್ರೀತಿಯ ಮಗಳು ಕಿನಾಂತಿಗೆ,

ಅಸ್ಸಲಾಮು ಅಲೈಕುಮ್. ಹೇಗಿದ್ದೀಯಮ್ಮ? ಕೆಮ್ಮು ಬಿಟ್ಟಿತೇ? ದೇಶದ ಅಧ್ಯಕ್ಷರ ಹೊಸ ವಿಮಾನದ ಕೆಲಸ ಮುಗಿಯುವವರೆಗೂ ಗೇಟಿನಲ್ಲೇ ಫೋನ್ ಇಸಿದುಕೊಂಡು ನಿಮ್ಮನ್ನೆಲ್ಲ ಒಳಗೇ ಇರಿಸಿದ್ದಾರಂತೆ. ಮದುಮಗಳನ್ನೂ ನಾವು ಇಷ್ಟು ದಿನ ಕೂಡಿಹಾಕುವುದಿಲ್ಲ. ಇಲ್ಲಿ ಮಧ್ಯಾಹ್ನದವರೆಗೆ ನಾನು ಚೆನ್ನಾಗಿಯೇ ಇದ್ದೆ. ನಿನ್ನ ಚಿಕ್ಕಮ್ಮನಿಗೆ ಮಂಡಿನೋವು, ಬಾಯಿ ಮಾತ್ರ ಗಟ್ಟಿ. ದಿನಾ ಟೀವಿ ಮುಂದೆ ಕೂತು, "ಹಳೇ ವಿಮಾನ ಹಾರ್ತಿಲ್ವಾ? ಆ ದುಡ್ಡಲ್ಲಿ ಎಷ್ಟು ಸ್ಕೂಲಿಗೆ ಹೆಂಚು ಹಾಕಿಸ್ಬೋದಿತ್ತು" ಎಂದು ಬೈಯುತ್ತಾಳೆ. ಪಕ್ಕದ ಮನೆಯವರು ಬಂದರೆ ಅದೇ ಬಾಯಲ್ಲಿ, "ಒಳಗಿನ ಅಲಂಕಾರ ಎಲ್ಲಾ ನಮ್ಮ ಹುಡುಗೀದೇ ಕಣ್ರೀ" ಎನ್ನುತ್ತಾಳೆ.

ಎರಡು ತಿಂಗಳ ಹಿಂದೆ, ನಾನು ಮಾರ್ಕೆಟ್ಟಿಗೆ ಹೋಗಿದ್ದಾಗ, ನಿನ್ನ ಆಫೀಸಿನ ಗೆಸಾಂಗ್ ಬಂದು ನಮ್ಮ ಬೀರುವಿನ ಹಳೆಯ ಬಾತಿಕ್ ಬಟ್ಟೆಗಳ ಫೋಟೋ ತೆಗೆದುಕೊಂಡು ಹೋಗಿದ್ದನಲ್ಲ, ಇವತ್ತು ಒಪ್ಪಿಗೆಯಾದ ಮಾದರಿ ತೋರಿಸಲು ಬಂದ. ವಿಮಾನದಲ್ಲಿ ಅಧ್ಯಕ್ಷರು ಮಲಗುವ ಹಾಸಿಗೆಯ ಹೊದಿಕೆ. ನಮ್ಮ ಕಡೆಯ ಹತ್ತಿ ಬಟ್ಟೆ ಬೆಂಕಿಯ ಪರೀಕ್ಷೆಯಲ್ಲಿ ಭಗ್ಗನೆ ಉರಿದುಹೋಯಿತಂತೆ. ಹಾಗಾಗಿ ಚಿತ್ತಾರ ಮಾತ್ರ ನಮ್ಮದು, ಉಣ್ಣೆ ಯಾವುದೋ ದೇಶದ್ದು. ಒಂದು ಹೊದಿಕೆಗೆ ಎಂಟು ಕೋಟಿ ರೂಪಿಯಾ ಎಂದಾಗ ತಲೆ ಗಿರ್ರೆಂದಿತು. ನಾನು ಮೂರು ತಿಂಗಳು ಬಿಸಿ ಮೇಣದಲ್ಲಿ ಗೆರೆ ಎಳೆದ ಬಟ್ಟೆಗೆ ಇಪ್ಪತ್ತೈದು ಲಕ್ಷ ಕೇಳಿದರೆ ಚೌಕಾಸಿ ಮಾಡುವ ಊರು ಇದು. ಆದರೆ ಅವನು ಅದನ್ನು ಬಿಡಿಸಿ ಮಂಚದ ಮೇಲೆ ಹಾಸಿದಾಗ ಬೆಲೆ ಮರೆತೇ ಹೋಯಿತು.

ಅದು ಸ್ಲೋಬೊಗ್ ಕಣೇ. ಕಪ್ಪು, ಕಂದು ಚೌಕಗಳು, ಮೂಲೆಯಿಂದ ಮೂಲೆಗೆ ಗೆರೆ. ನಿಮ್ಮಪ್ಪನನ್ನು ಮಣ್ಣಿಗೆ ಒಯ್ಯುವಾಗ ಮೇಲೆ ಹೊದಿಸಿದ್ದು ಇದನ್ನೇ. ಅಧಿಕಾರ ವಹಿಸಿಕೊಳ್ಳುವ ದಿನ ದೊಡ್ಡವರು ಇದನ್ನು ಉಡುವುದೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ನಿಂತವರು ಉಡುವುದು ಬೇರೆ, ಮಲಗಿದವರಿಗೆ ಹೊದಿಸುವುದು ಬೇರೆ. ಬದುಕಿರುವ ಮನುಷ್ಯನಿಗೆ, ಅದೂ ದೇಶದ ಯಜಮಾನನಿಗೆ, ಅದೂ ಆಕಾಶದಲ್ಲಿ. ಚಿಕ್ಕಮ್ಮನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೇಳಿದರೆ, "ಇದ್ರ ಫೋಟೋ ತೆಗೀಲಾ ಅಂದ, ಹೂಂ ಅಂದೆ. ಮನೆಗೆ ಬಂದೋರಿಗೆ ಬೇಡ ಅನ್ನೋಕಾಗುತ್ತಾ ಅಕ್ಕಾ?" ಎಂದಳು.

ಇತ್ತ ಗೆಸಾಂಗ್ ಹೆಮ್ಮೆಯಿಂದ ಹೇಳುತ್ತಿದ್ದ: "ಮೂರು ಜನ ಜನರಲ್‌ಗಳು ಮುಟ್ಟಿ ನೋಡಿದ್ರು ಅಮ್ಮಾ. ಅವರಲ್ಲೊಬ್ರು ನಿಮ್ಮ ಸೋಲೋದವ್ರೇ. ತುಂಬಾ ಹೊತ್ತು ಸವರಿದ್ರು, ಆಮೇಲೆ ನಕ್ಕು ಸೈನ್ ಹಾಕಿದ್ರು." ಸೋಲೋದ ಮುದುಕನಿಗೆ ಸ್ಲೋಬೊಗ್ ಗೊತ್ತಿಲ್ಲವೇ? ಗೊತ್ತಿದ್ದಕ್ಕೇ ನಕ್ಕಿದ್ದಾನೆ. ಮೇಲಿನವರು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟುವ ಜನ ನಾವು. "ಚೆನ್ನಾಗಿದ್ಯಾ ಅಮ್ಮಾ?" ಎಂದು ಅವನು ಕೇಳಿದಾಗ ನಾನೂ ಹೂಂ ಎಂದೆ. ಬರೆಯಲು ನಾಚಿಕೆಯಾಗುತ್ತಿದೆ.

ಹೊದಿಕೆ ಬದಲಾಯಿಸಿದರೆ ಮತ್ತೆ ಆರು ವಾರ ಬೆಂಕಿಯ ಪರೀಕ್ಷೆ, ಮತ್ತೆ ಖರ್ಚು, ಪೇಪರಿನವರ ಕೂಗಾಟ. ನಿನ್ನ ಕೆಲಸವೇ ಹೋಗಬಹುದು ಎಂಬುದೂ ನನಗೆ ಗೊತ್ತು. ಗುರುವಾರ ಅಧ್ಯಕ್ಷರೇ ಒಳಗೆಲ್ಲ ನೋಡಲು ಬರುತ್ತಾರಂತೆ. ಅಷ್ಟರೊಳಗೆ ನೀನೇ ಬಾಯಿ ಬಿಡಬೇಕು. ನಿಮ್ಮಪ್ಪ ಹೋದಾಗ ನೀನು ಅಳುತ್ತಾ ಕಣ್ಣೇ ತೆರೆದಿರಲಿಲ್ಲ, ಆ ಬಟ್ಟೆ ನೆನಪಿರಲಿಕ್ಕಿಲ್ಲ. ಗೆಸಾಂಗನ ಕೈಯಲ್ಲೇ ಈ ಪತ್ರದ ಜೊತೆ ಒಂದು ಸಿದೊಮುಕ್ತಿ ಬಟ್ಟೆ ಕಳಿಸುತ್ತಿದ್ದೇನೆ. ನಿನ್ನ ಮದುವೆಗೆಂದು ಬರೆದಿಟ್ಟದ್ದು, ಸುಖ ಬೇಡುವ ಚಿತ್ತಾರ. ಅಧ್ಯಕ್ಷರಿಗೇ ಆಗಲಿ, ನಿನಗೆ ಇನ್ನೊಂದು ಬರೆದೇನು. ಗೇಟಿನವರು ಈ ಪತ್ರವನ್ನು ಒಡೆದು ಓದುತ್ತಾರಂತೆ. ಓದಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು, ತಣ್ಣೀರು ಕುಡಿಯಬೇಡ. ನನ್ನ ಒಂದು ನಮಾಜಿನಲ್ಲೂ ನಿನ್ನ ಹೆಸರು ತಪ್ಪಿಲ್ಲ, ತಪ್ಪುವುದೂ ಇಲ್ಲ.

ನಿನ್ನ ಅಮ್ಮ,
ಸುಪಾರ್ತಿನಿ

ತಾ.ಕ.: ಪತ್ರ ಮಡಿಸುವ ಮೊದಲು ಧೈರ್ಯ ಮಾಡಿ ಗೆಸಾಂಗನಿಗೆ ಹೇಳಿಬಿಟ್ಟೆ. ಊಟಕ್ಕೆ ಕೂತಿದ್ದ, ತುತ್ತು ಕೈಯಲ್ಲೇ ನಿಂತಿತು. "ಗೊತ್ತಿತ್ತು ಅಮ್ಮಾ. ನಮ್ಮಜ್ಜಿಗೂ ಇದನ್ನೇ ಹೊದಿಸಿದ್ರು. ಆದ್ರೆ ಹತ್ತು ಫೋಟೋದಲ್ಲಿ ಇದನ್ನೇ ಆರಿಸಿದ್ದು ಕಿನಾಂತಿ ಅಕ್ಕ. ಅವರಿಗಿಂತ ಚಿಕ್ಕೋನು, ನಾನು ಹೇಗೆ ಮಾತಾಡ್ಲಿ?" ಎಂದ. ಮಗಳೇ, ಏಳನೆಯ ದಿನದ ಪ್ರಾರ್ಥನೆ ಮುಗಿದ ಮೇಲೆ ಆ ಬಟ್ಟೆ ಒಗೆದು, ಮಡಿಸಿ, ಬೀರುವಿನಲ್ಲಿಟ್ಟವಳು ನೀನೇ ಎಂದು ಈಗ ನೆನಪಾಗುತ್ತಿದೆ. ನಿನಗೆ ಗೊತ್ತಿರಲಿಲ್ಲವಾದರೆ ಗುರುವಾರದೊಳಗೆ ಹೇಳು. ಗೊತ್ತಿದ್ದೂ ಮೇಲಿನವರು ಮೆಚ್ಚಿದರೆಂದು ಹೂಂ ಎಂದಿದ್ದರೆ, ಇದನ್ನು ಓದಿದ ಗಳಿಗೆಯಲ್ಲೇ ಎದ್ದು ಹೋಗಿ ಹೇಳು.